ಹಿಂದೆ ಬರುತ್ತಿದ್ದವನು

ಬಿದಿರಿನ ಗಳವನ್ನು ಪಾದದಡಿ ಒತ್ತಿಹಿಡಿದು ರಾಮಾಂಜಿನಪ್ಪ ಮಚ್ಚು ಬೀಸಿದ. ಅದು ಗಿಣ್ಣಿನಲ್ಲಿ ಕಚ್ಚಿಕೊಂಡಿತು. ಎಳೆದ, ಬರಲಿಲ್ಲ. ಜೋರಾಗಿ ಎಳೆದಾಗ ಗಳವೇ ಮಚ್ಚಿನ ಜೊತೆ ಮೇಲೆದ್ದು ಬಂತು.

"ಬಿಡ್ಲಾ, ಇಲ್ ಕೊಡು," ಎಂದು ಚಿಕ್ಕಬೈರಪ್ಪ ಮಚ್ಚನ್ನು ಇಸಿದುಕೊಂಡ.

ಚಿಕ್ಕಬೈರಪ್ಪ ಆ ರೂಮುಗಳ ಮಾಲೀಕ. ಆನೇಕಲ್ಲಿನ ಅಂಚಿನಲ್ಲಿ ತನ್ನ ರಾಗಿಹೊಲ ಇದ್ದ ಕಡೆ ಶೀಟು ಹೊದಿಸಿದ ರೂಮುಗಳನ್ನು ಸಾಲಾಗಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಕೊನೆಯ ರೂಮಿನ ಮುಂದೆ, ಶಾಮಿಯಾನದ ಕೆಳಗೆ, ಗಾಜಿನ ಮುಚ್ಚಳದ ಫ್ರೀಜರ್ ಬಾಕ್ಸಿನಲ್ಲಿ ಯಂಕಪ್ಪ ಮಲಗಿದ್ದ. ಪಕ್ಕದಲ್ಲಿ ಅವನ ಹೆಂಡತಿ ಹನುಮವ್ವ ಗಾಜಿನ ಮೇಲೆ ಕಟ್ಟುತ್ತಿದ್ದ ಹನಿಗಳನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು. ಒರೆಸಿದಷ್ಟೂ ಮತ್ತೆ ಕಟ್ಟುತ್ತಿದ್ದವು.

"ಅಲ್ಲ ಕಣ್ಲಾ ರಾಮಾಂಜಿ," ಚಿಕ್ಕಬೈರಪ್ಪ ಬಿದಿರು ಸೀಳುತ್ತ ದನಿ ತಗ್ಗಿಸಿದ. "ಬದುಕಿದ್ದಾಗ ಅವ್ನ ಜೊತೆ ಒಂದ್ ಮಾತಾಡ್ಲಿಲ್ಲ ನೀನು. ಅವ್ನೂ ಆಡ್ಲಿಲ್ಲ. ಒಂದೇ ಪ್ಯಾಕ್ಟ್ರಿ, ಒಂದೇ ರೋಡು. ನೀನ್ ಮುಂದೆ, ಅವ್ನು ಇಂದೆ. ಊರೋರೆಲ್ಲ ಆಡ್ಕಂಡು ನಗ್ತಿದ್ರು. ಈಗ ನೋಡಿದ್ರೆ ನೆನ್ನೆಯಿಂದ ಮನೆಗೂ ಓಗ್ದೆ ಇಲ್ಲೇ ಬಿದ್ದಿದೀಯ."

"ಕಟ್ಟಕ್ಕೆ ಅಗ್ಗ ತಂದಿದೀರಾ?" ಎಂದು ರಾಮಾಂಜಿನಪ್ಪ ಕೇಳಿದ.

ಚಿಕ್ಕಬೈರಪ್ಪ ಅವನ ಮುಖವನ್ನೊಮ್ಮೆ ನೋಡಿ, ಹಗ್ಗದ ಸಿಂಬಿಯನ್ನು ಅವನ ಕಡೆ ಎಸೆದ.

ಯಂಕಪ್ಪ ಸತ್ತಿದ್ದು ಹಿಂದಿನ ದಿನ ಬೆಳಿಗ್ಗೆ. ಕೆಲಸಕ್ಕೆ ಹೊರಡುವ ಮುಂಚೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವನು ಪಂಪಿನ ಹಿಡಿ ಹಿಡಿದುಕೊಂಡೇ ಕುಕ್ಕರಿಸಿದ, ಏಳಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಹೊತ್ತಿಗೆ ರಾಮಾಂಜಿನಪ್ಪ ಊರು ದಾಟಿ ಚಂದಾಪುರದ ರಸ್ತೆಗೆ ಬಿದ್ದಿದ್ದ. ಯಂಕಪ್ಪನ ಸೈಕಲ್ಲಿನ ಚೈನ್ ಕವರು ಸಡಿಲವಾಗಿ ಕಟಕಟ ಅನ್ನುತ್ತಿತ್ತು. ಎಷ್ಟು ಲಾರಿ, ಎಷ್ಟು ಕಂಪನಿ ಬಸ್ಸು ಹೋದರೂ ಆ ಸದ್ದು ಅವನ ಬೆನ್ನಿಗೆ ಕೇಳುತ್ತಿತ್ತು. ನೆನ್ನೆ ಕೇಳಲಿಲ್ಲ. ರೈಲ್ವೆ ಗೇಟು ಹಾಕಿತ್ತು. ಬೈಕುಗಳ ನಡುವೆ ಕಾಲೂರಿ ನಿಂತ. ರೈಲು ಹೋಯಿತು, ಗೇಟು ತೆರೆಯಿತು, ಹಿಂದಿನವರು ಹಾರನ್ ಹೊಡೆದರು. ಅವನು ಕದಲಲಿಲ್ಲ. ಆಮೇಲೆ ತಿರುಗಿ ನೋಡಿದ. ಕಂಡ ಮುಖಗಳಲ್ಲಿ ಒಂದೂ ಗುರುತಿನದಲ್ಲ. ಸೈಕಲ್ಲನ್ನು ಎತ್ತಿ ಅಲ್ಲೇ ತಿರುಗಿಸಿ ಹಿಂದಕ್ಕೆ ಹೊರಟ.

"ದೇವದುರ್ಗದಿಂದ ಅವ್ನ ನೆಂಟ್ರು ಎಲ್ಲಿಗ್ ಬಂದವ್ರಂತೆ?" ರಾಮಾಂಜಿನಪ್ಪ ಹಗ್ಗ ಬಿಚ್ಚುತ್ತ ಕೇಳಿದ.

"ತುಮಕೂರು ದಾಟವ್ರಂತೆ. ಕ್ರೂಸರ್ ಮಾಡ್ಕಂಡ್ ಬತ್ತಾವ್ರೆ. ಅವ್ನ ತಂಗಿ ಬರ್ದೆ ಮಣ್ಣು ಮಾಡಂಗಿಲ್ಲ ಅಂತ ಅನುಮವ್ವ ಅಟ ಇಡ್ದವ್ಳೆ." ಚಿಕ್ಕಬೈರಪ್ಪ ಮಚ್ಚು ಕೆಳಗಿಟ್ಟ. "ಅವ್ಳು ಬತ್ತಾವ್ಳೆ ಅಂತ ನಿಂಗೆ ಗೊತ್ತು ತಾನೆ?"

"ಗೊತ್ತು," ಎಂದ ರಾಮಾಂಜಿನಪ್ಪ. ಹಗ್ಗದ ತುದಿ ಸಿಗದೆ ಸಿಂಬಿಯನ್ನು ಎರಡು ಮೂರು ಸಲ ತಿರುಗಿಸಿದ.

*

ಬೊಮ್ಮಸಂದ್ರದ ಕಾರ್ಖಾನೆಗೆ ಅವರಿಬ್ಬರೂ ಸೇರಿದ್ದು ಒಂದೇ ಮಳೆಗಾಲದಲ್ಲಿ. ಕರೆಂಟಿನ ಬೋರ್ಡುಗಳಿಗೆ ತಗಡಿನ ಪೆಟ್ಟಿಗೆ ಮಾಡುವ ಕಾರ್ಖಾನೆ ಅದು. ಯಂಕಪ್ಪ ಪ್ರೆಸ್ ಮೆಷಿನ್ನಿಗೆ, ರಾಮಾಂಜಿನಪ್ಪ ಬಣ್ಣ ಹೊಡೆಯುವ ಕಡೆಗೆ. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ, ಬಂದರೆ ಬಾಗಿಲಲ್ಲಿ ನೇತಾಡಬೇಕು. ಕಾರ್ಖಾನೆಯ ಹತ್ತಿರ ರೂಮು ಮಾಡುವ ಶಕ್ತಿ ಯಂಕಪ್ಪನಿಗಿರಲಿಲ್ಲ. ರಾಮಾಂಜಿನಪ್ಪನಿಗೆ ಆನೇಕಲ್ಲಿನಾಚೆಯ ಹಳ್ಳಿಯಲ್ಲಿ ಸ್ವಂತ ಮನೆ, ಹಸು. ಹಾಗಾಗಿ ಇಬ್ಬರೂ ಸೈಕಲ್ಲು.

ದೂರದ ದಾರಿ. ಒಬ್ಬನೇ ತುಳಿದರೆ ಮುಗಿಯುತ್ತಿರಲಿಲ್ಲ, ಇಬ್ಬರು ತುಳಿದರೆ ಗೊತ್ತೇ ಆಗುತ್ತಿರಲಿಲ್ಲ. ಎದುರು ಗಾಳಿ ಬಂದರೆ ಒಬ್ಬ ಮುಂದಾಗುತ್ತಿದ್ದ, ಇನ್ನೊಬ್ಬ ಅವನ ಮರೆಯಲ್ಲಿ ಸಾಗುತ್ತಿದ್ದ, ಸ್ವಲ್ಪ ದೂರ ಹೋದ ಮೇಲೆ ಬದಲಾಗುತ್ತಿದ್ದರು. ಉಳಿದಂತೆ ಪಕ್ಕಪಕ್ಕ. ರಾಮಾಂಜಿನಪ್ಪನ ಮಾತು ಯಂಕಪ್ಪನಿಗೆ ತಮಾಷೆ, ಯಂಕಪ್ಪನ ಮಾತು ಇವನಿಗೆ ತಮಾಷೆ.

"ಅದೇನ್ ಯಂಕಣ್ಣ, ಐತಿ, ಬಂದೈತಿ. ಕನ್ನಡ ಬರಲ್ವಾ ನಿಂಗೆ?"

"ನಿನಗ ಹಕಾರನ ಬರಂಗಿಲ್ಲ, ನನಗ ಕನ್ನಡ ಕಲಸ್ತಿ? ಹನುಮವ್ವ ಅನ್ನು ನೋಡೂಣು?"

"ಅನುಮವ್ವ."

ಯಂಕಪ್ಪ ಹ್ಯಾಂಡಲು ಅಲುಗಾಡುವಷ್ಟು ನಗುತ್ತಿದ್ದ.

ಹನುಮವ್ವನ ಹೆರಿಗೆಗೆ ಸಹಾಯಕ್ಕೆಂದು ಯಂಕಪ್ಪ ಊರಿನಿಂದ ತಂಗಿಯನ್ನು ಕರೆಸಿದ. ಮಹಾದೇವಿ ಬಂದಾಗ ಎರಡು ಜಡೆ ಹಾಕಿಕೊಂಡಿದ್ದಳು. ದಿನಾ ಬೆಳಿಗ್ಗೆ ರಾಮಾಂಜಿನಪ್ಪ ರೂಮಿನ ಮುಂದೆ ಬಂದು ಬೆಲ್ ಬಾರಿಸುತ್ತಿದ್ದ. ಯಂಕಪ್ಪ ಅಂಗಿ ಗುಂಡಿ ಹಾಕಿಕೊಳ್ಳುತ್ತ ಹೊರಬರುವಷ್ಟರಲ್ಲಿ ಅವಳು ಬುತ್ತಿಗಂಟು ತಂದು ಅಣ್ಣನ ಸೈಕಲ್ಲಿಗೆ ಕಟ್ಟುತ್ತಿದ್ದಳು. ಕೆಲವು ದಿನಗಳಾದ ಮೇಲೆ ಎರಡು ಗಂಟು ಬರತೊಡಗಿದವು.

"ನನಗ್ಯಾಕಮ್ಮಾ? ನಮ್ಮವ್ವ ಮುದ್ದೆ ಕಟ್ಟಿರ್ತಾಳೆ."

"ಮುದ್ದಿ ಮಧ್ಯಾಹ್ನಕ್ಕ ಕಲ್ಲಾಗತೈತಂತ, ಅಣ್ಣ ಹೇಳ್ಯಾನ. ಇದು ರೊಟ್ಟಿರಿ. ಏನೂ ಆಗಂಗಿಲ್ಲ," ಎಂದು ಅವಳು ಗಂಟು ಬಿಗಿದು ಒಳಗೆ ಹೋದಳು.

ಅಷ್ಟೇ. ರೊಟ್ಟಿ, ಅದರ ಜೊತೆ ಶೇಂಗಾ ಚಟ್ನಿ, ಬಾಗಿಲಲ್ಲಿ ಎರಡು ಮಾತು. ಒಂದು ಭಾನುವಾರ ಆನೇಕಲ್ಲಿನ ಸಂತೆಯಲ್ಲಿ ಅವಳೊಬ್ಬಳೇ ಸಿಕ್ಕಳು. ಕೂಸಿಗೆ ಬಜೆ ಬೇರು ಹುಡುಕುತ್ತಿದ್ದಳು. ಅವನು ಅಂಗಡಿ ತೋರಿಸಿದ. ವಾಪಸು ಬರುವಾಗ ಸೈಕಲ್ಲು ತಳ್ಳಿಕೊಂಡು ಜೊತೆಗೆ ನಡೆದ. ಕೆರೆ ಏರಿಯ ಹತ್ತಿರ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟ. ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ನನ್ನ ಕೇಳಿದ್ರ ಏನಾಗತೈತ್ರಿ. ಅಣ್ಣನ್ನ ಕೇಳ್ರಿ," ಎಂದಳು. ನಾಲ್ಕು ಹೆಜ್ಜೆ ನಡೆದ ಮೇಲೆ, "ಲಗೂನ ಕೇಳ್ರಿ," ಎಂದಳು.

ಮಾರನೆಯ ದಿನವೇ ಕೇಳಿದ. ಮರಸೂರು ದಾಟಿ ರಸ್ತೆ ನೇರವಾಗುವಲ್ಲಿ, ಇಬ್ಬರೂ ಪಕ್ಕಪಕ್ಕ ತುಳಿಯುತ್ತಿರುವಾಗ.

"ಯಂಕಣ್ಣ, ಮಾದೇವಿನ ನಂಗೆ ಕೊಡ್ತೀಯಾ? ಚೆನ್ನಾಗ್ ನೋಡ್ಕೋತೀನಿ."

ಯಂಕಪ್ಪನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಸೈಕಲ್ಲು ತನ್ನ ಪಾಡಿಗೆ ಸ್ವಲ್ಪ ದೂರ ಉರುಳಿತು. ಆಮೇಲೆ ನಿಧಾನವಾಗಿ ಹಿಂದೆ ಬಿತ್ತು. ಬರಲಿ ಎಂದು ರಾಮಾಂಜಿನಪ್ಪ ನಿಧಾನ ಮಾಡಿದ. ಯಂಕಪ್ಪ ಇನ್ನೂ ನಿಧಾನ ಮಾಡಿದ. ಇವನು ನಿಂತ. ಅವನೂ ನಿಂತ.

"ಯಂಕಣ್ಣಾ?"

"ನೀ ಮುಂದ ನಡಿ," ಎಂದ ಯಂಕಪ್ಪ, ನೆಲ ನೋಡುತ್ತ.

ಅದೇ ಕೊನೆಯ ಮಾತು. ಆ ವಾರ ಕಳೆಯುವುದರೊಳಗೆ ಮಹಾದೇವಿಯನ್ನು ಊರಿನ ಬಸ್ಸು ಹತ್ತಿಸಿದ್ದರು. ರಾಮಾಂಜಿನಪ್ಪ ಬಂದು ಬೆಲ್ ಬಾರಿಸಿದಾಗ ಹನುಮವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು.

"ಸೋದರಮಾವನ ಮಗಗ ಮೊದಲಿಂದ ಮಾತಾಗಿತ್ತಣ್ಣ. ಆ ಮಾವ ಸಾಯೋ ಹೊತ್ತಿನಾಗ ಇವರ ಕಡಿಂದ ಮಾತು ತಗೊಂಡಿದ್ದ. ನಿಮ್ಮ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ. ಊರಾಗ ನಮ್ಮನ್ನ ಬಿಡ್ತಾರೇನು?" ಎಂದಳು. ಅವಳ ಕಣ್ಣುಗಳೂ ಕೆಂಪಾಗಿದ್ದವು.

*

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ರಾಮಾಂಜಿನಪ್ಪನ ಹೆಂಡತಿ ಗೌರಮ್ಮ ದೊಡ್ಡ ಕ್ಯಾನಿನಲ್ಲಿ ಕಾಫಿ ತುಂಬಿಕೊಂಡು ಆಟೋದಲ್ಲಿ ಬಂದಳು. ಎಲ್ಲರಿಗೂ ಪೇಪರ್ ಲೋಟದಲ್ಲಿ ಕೊಟ್ಟು, ಹನುಮವ್ವನ ಪಕ್ಕ ಕೂತಳು.

"ಒಂದ್ ಗುಟುಕು ಕುಡಿ ಅನುಮವ್ವ. ನೆನ್ನೆಯಿಂದ ಬಾಯಿಗೆ ನೀರು ಬಿಟ್ಟಿಲ್ವಂತೆ."

"ಬಸ್ಸಿಗಿ ಹೋಗು ಅಂತಿದ್ದೆ ಯಕ್ಕಾ," ಹನುಮವ್ವ ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. "ಮಗ ದುಡಿಯಾಕ ಹತ್ಯಾನ, ಇನ್ನರ ಬಸ್ಸಿಗಿ ಹೋಗು, ಎದಿ ಹಿಡಕೊಂತೈತಿ ಅಂತಿ, ಸೈಕಲ್ ಬಿಡು ಅಂದ್ರ ಕೇಳಲಿಲ್ಲ. ಜ್ವರ ಬಂದ್ರೂ ಸೈಕಲ್. ಮಳಿ ಬಂದ್ರೂ ಸೈಕಲ್. ಏನಿತ್ತೋ ಆ ರಸ್ತೇದಾಗ."

"ನಮ್ಮನೇದೂ ಅದೇ ಕತೆ," ಗೌರಮ್ಮ ಗಂಡನ ಕಡೆ ನೋಡಿದಳು. "ಮಗ ಸ್ಕೂಟ್ರು ಕೊಡುಸ್ತೀನಿ ಅಂದ. ಬ್ಯಾಡ, ಸೈಕಲ್ ತುಳುದ್ರೆ ಮೈಗೆ ಒಳ್ಳೇದು ಅಂದ್ರು. ಪ್ಯಾಕ್ಟ್ರೀಲಿ ಎಲ್ರೂ ಬೈಕ್ ತಗಂಡವ್ರೆ. ಸೈಕಲ್ ಅಂತ ಉಳ್ದಿದ್ದು ಇವ್ರಿಬ್ರೇ."

ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ ರಾಮಾಂಜಿನಪ್ಪ ಲೋಟದೊಳಗೆ ನೋಡುತ್ತ ನಿಂತ. ಕಾಫಿ ಆರಿ ಹೋಗಿತ್ತು.

*

ಮೊದಮೊದಲು ಅವನಿಗೆ ಸಿಟ್ಟಿತ್ತು. ಸ್ವಲ್ಪ ಬೇಗ ಹೊರಟು ನೋಡಿದ, ಯಂಕಪ್ಪನೂ ಬೇಗ ಹೊರಟ. ತಡಮಾಡಿ ನೋಡಿದ, ಹಿಂದೆ ಅದೇ ಕಟಕಟ. ಸಂಜೆ ಕಾರ್ಖಾನೆಯ ಗೇಟಿನಲ್ಲಿ ಇವನು ಹತ್ತುವ ತನಕ ಅವನು ಹತ್ತುತ್ತಿರಲಿಲ್ಲ. ತಂಗಿಯನ್ನು ಕಳಿಸಿಬಿಟ್ಟವನು ಈಗ ನನ್ನನ್ನು ಕಾವಲು ಕಾಯುತ್ತಾನಾ? ಒಂದು ದಿನ ಹಿಡಿದು ನಿಲ್ಲಿಸಿ ಕೇಳಿಯೇ ಬಿಡಬೇಕು ಅಂದುಕೊಂಡ. ಆದರೆ ಕೇಳಬೇಕಾದರೆ ಮೊದಲು ಮಾತಾಡಬೇಕು. ಅವನೇ ಆಡಲಿ ಎಂದು ಬಿಟ್ಟ.

ವರ್ಷಗಳು ಕಳೆದವು. ಗೌರಮ್ಮನನ್ನು ಮದುವೆಯಾದ. ಗೌರಮ್ಮ ಒಳ್ಳೆಯವಳು. ಮಗ ಹುಟ್ಟಿದ, ಅವ್ವ ಸತ್ತಳು. ಚಂದಾಪುರದ ಸರ್ಕಲ್ಲಿನಲ್ಲಿ ಅಂಗಡಿಗಳೆದ್ದವು, ಹೊಸೂರು ರಸ್ತೆಯ ಮೇಲೆ ಇನ್ನೊಂದು ರಸ್ತೆ ಎದ್ದಿತು, ದಾರಿಯ ಎರಡೂ ಬದಿಯ ರಾಗಿಹೊಲಗಳಿಗೆ ಕಲ್ಲು ನೆಟ್ಟು ಲೇಔಟು ಮಾಡಿದರು. ಸೈಕಲ್ಲಿನವರು ಒಬ್ಬೊಬ್ಬರಾಗಿ ಕಡಿಮೆಯಾದರು. ಹಿಂದಿನ ಆ ಸದ್ದು ಮಾತ್ರ ಉಳಿಯಿತು. ಸಿಟ್ಟು ಎಂದು ಹೋಯಿತೋ ಅವನಿಗೆ ತಿಳಿಯಲಿಲ್ಲ. ಒಮ್ಮೆ ಯಂಕಪ್ಪ ಊರಿಗೆ ಹೋಗಿ ವಾರವಿಡೀ ಬಾರದಿದ್ದಾಗ, ದಾರಿಯಲ್ಲಿ ಎರಡೆರಡು ಕಡೆ ನಿಂತು ನೀರು ಕುಡಿದ. ಬಾಯಾರಿಕೆ ಇರಲಿಲ್ಲ.

ಒಂದು ಸಂಜೆ ಚಂದಾಪುರದ ಹತ್ತಿರ ರಸ್ತೆಗೆ ಲಾರಿಯ ಆಯಿಲ್ ಚೆಲ್ಲಿತ್ತು. ರಾಮಾಂಜಿನಪ್ಪನ ಚಕ್ರ ಜಾರಿ ಸೈಕಲ್ಲಿನ ಸಮೇತ ಬಿದ್ದ. ಹಿಂದೆ ಬ್ರೇಕು ಕಿರುಗುಟ್ಟಿತು. ತಲೆಯೆತ್ತಿ ನೋಡಿದರೆ ಯಂಕಪ್ಪ ತನ್ನ ಸೈಕಲ್ಲನ್ನು ನೆಲಕ್ಕೆ ಬಿಟ್ಟು ನಿಂತಿದ್ದ. ಬಾಯಿ ತೆರೆದಿತ್ತು. ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ರಾಮಾಂಜಿನಪ್ಪ ಗಡಬಡಿಸಿ ಎದ್ದು, ಏನೂ ಆಗಿಲ್ಲವೆಂಬಂತೆ ಹ್ಯಾಂಡಲು ನೆಟ್ಟಗೆ ಮಾಡಿಕೊಂಡು ಹತ್ತಿಬಿಟ್ಟ. ಆಮೇಲೆ ಎಷ್ಟೋ ದಿನ ಅದೇ ಯೋಚನೆ. ಇನ್ನೂ ಸ್ವಲ್ಪ ಹೊತ್ತು ಬಿದ್ದೇ ಇರಬಹುದಾಗಿತ್ತು. ಅವನು ಬಂದು ಕೈ ಹಿಡಿದು ಎಬ್ಬಿಸುವ ತನಕ.

*

ಕ್ರೂಸರ್ ಬಂದು ನಿಂತಾಗ ಬಿಸಿಲು ಏರಿತ್ತು. ಒಳಗಿನಿಂದಲೇ ಹೆಂಗಸರ ಅಳು ಕೇಳಿಸಿತು. ಮೊದಲು ಇಳಿದವನು ಗಂಗಪ್ಪ, ಯಂಕಪ್ಪನ ದೊಡ್ಡಪ್ಪನ ಮಗ, ಬಿಳಿ ಮೀಸೆಯ ಎತ್ತರದ ಆಳು. ಅವನ ಹಿಂದೆ ಮಹಾದೇವಿ ಇಳಿದಳು.

ರಾಮಾಂಜಿನಪ್ಪ ಶಾಮಿಯಾನದ ಕಂಬದ ಹಿಂದಕ್ಕೆ ಸರಿದ. ಎರಡು ಜಡೆಯ ಹುಡುಗಿ ಎಲ್ಲಿದ್ದಾಳೆ ಎಂದು ಕಣ್ಣು ಒಂದು ಗಳಿಗೆ ಹುಡುಕಿತು. ಇಳಿದವಳು ದಪ್ಪಗಾಗಿದ್ದಳು, ಕನ್ನಡಕ ಹಾಕಿದ್ದಳು, ಬೈತಲೆಯಲ್ಲಿ ಬಿಳಿಕೂದಲು. ಅವಳು ಯಾರನ್ನೂ ನೋಡದೆ ನೇರ ಹೋಗಿ ಪೆಟ್ಟಿಗೆಯ ಗಾಜಿನ ಮೇಲೆ ಎರಡೂ ಅಂಗೈ ಇಟ್ಟಳು.

"ಅಣ್ಣಾ, ಬರೋ ಐತವಾರ ಯಾರು ಫೋನ್ ಮಾಡ್ತಾರೋ," ಎಂದಳು. "ದಾರಿ ನೋಡ್ತೀನಲ್ಲೋ."

ಹನುಮವ್ವ ಅವಳನ್ನು ತಬ್ಬಿಕೊಂಡಳು. ಇಬ್ಬರ ಅಳುವಿನ ನಡುವೆ ಹನುಮೇಶ, ಅಂದು ಹೆಗಲ ಮೇಲಿದ್ದ ಕೂಸು, ಈಗ ಅಪ್ಪನಷ್ಟೇ ಎತ್ತರದವನು, ಏನು ಮಾಡಬೇಕೆಂದು ತಿಳಿಯದೆ ಅತ್ತೆಯ ಬೆನ್ನ ಮೇಲೆ ಕೈಯಿಟ್ಟು ನಿಂತ.

ಅಳು ಇಳಿದ ಮೇಲೆ ಗೌರಮ್ಮ ಕ್ಯಾನಿನ ತಳದಲ್ಲಿ ಉಳಿದಿದ್ದ ಕಾಫಿಯನ್ನು ಬಗ್ಗಿಸಿ ಮಹಾದೇವಿಗೆ ತಂದುಕೊಟ್ಟಳು. ಗೌರಮ್ಮನಿಗೆ ವಿಷಯ ಗೊತ್ತಿತ್ತು. ಮದುವೆಯಾದ ಹೊಸದರಲ್ಲೇ ಊರಿನ ಹೆಂಗಸರು ಹೇಳಿದ್ದರು.

"ಕುಡೀರಮ್ಮ. ರಾತ್ರಿಯೆಲ್ಲ ಪ್ರಯಾಣ ಮಾಡಿದೀರ."

ಮಹಾದೇವಿ ಲೋಟ ತೆಗೆದುಕೊಂಡು ಅವಳ ಮುಖ ನೋಡಿದಳು. "ನೀವು ಗೌರಮ್ಮ ಅಲ್ರೀ?" ಎಂದಳು.

ಹೆಸರು ಹೇಗೆ ಗೊತ್ತಾಯಿತೆಂದು ಗೌರಮ್ಮ ಕೇಳಲಿಲ್ಲ. "ಊಂ," ಎಂದು ಅವಳ ಪಕ್ಕ ಜಾಗ ಮಾಡಿಕೊಂಡು ಕೂತಳು.

ಸ್ನಾನ ಮಾಡಿಸಿ, ಹೊಸ ಬಟ್ಟೆ ಹೊದಿಸಿ, ಚಟ್ಟದ ಮೇಲೆ ಮಲಗಿಸಿದರು. ಕೆರೆಯಂಚಿನ ಸ್ಮಶಾನದಲ್ಲಿ ಜಾಗಕ್ಕೆ ಚಿಕ್ಕಬೈರಪ್ಪ ಊರಿನ ಹಿರಿಯರನ್ನು ಕೇಳಿ ಒಪ್ಪಿಸಿದ್ದ. ಹೊರುವುದಕ್ಕೆ ಕರೆದಾಗ ರಾಮಾಂಜಿನಪ್ಪ ಟವೆಲು ಮಡಚಿ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ. ಗಂಗಪ್ಪ ಅಡ್ಡ ನಿಂತ.

"ನೀವು ನಿಂದರ್ರಿ. ಹೆಗಲು ಕೊಡಾಕ ನಮ್ಮ ಮಂದಿ ಅದಾರ."

"ನಾನು ಅವ್ನ ಜೊತೆ ಕೆಲ್ಸ ಮಾಡೋನು..."

"ಯಾರಂತ ಗೊತ್ತೈತ್ರಿ ನನಗ," ಗಂಗಪ್ಪನ ದನಿ ಬಿಗಿಯಾಯಿತು. "ಎಲ್ಲಾ ಗೊತ್ತೈತಿ. ಆ ಮನಶ್ಯಾ ನಿಮ್ಮ ಕೂಡ ಇಷ್ಟು ವರ್ಷ ಮಾತು ಬಿಟ್ಟಿದ್ದ. ಸತ್ತ ಮ್ಯಾಲ ಅವನ ಮ್ಯಾಲ ಯಾಕ ಹಟ?"

ರಾಮಾಂಜಿನಪ್ಪ ಹೆಗಲ ಮೇಲಿನ ಟವೆಲು ತೆಗೆದ. ಹಿಂದಕ್ಕೆ ಸರಿಯಲು ಹೋದವನು ಹಿಂದೆ ಜನರಿದ್ದುದರಿಂದ ಅಲ್ಲೇ ನಿಂತ.

"ಗಂಗಣ್ಣ."

ಮಹಾದೇವಿ ಹೆಂಗಸರ ನಡುವಿನಿಂದ ಎದ್ದು ಬಂದಿದ್ದಳು. ಕಣ್ಣೀರು ಒರೆಸಿಕೊಳ್ಳಲು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಳು.

"ಅವರು ಹೊರಲಿ. ಮುಂದಿನ ಹೆಗಲು ಅವರಿಗೆ ಕೊಡು."

"ತಂಗಿ, ನೀ ಸುಮ್ಮನಿರು. ಮಂದಿ ಏನಂತಾರ?"

"ಮಂದಿ ಅನ್ನೂದು ಆವಾಗ ಕೇಳಿ ಆಗೇತಿ. ಅಣ್ಣ ಇಷ್ಟು ವರ್ಷ ದಿನಾ ಅವರ ಹಿಂದ ಬಂದಾನ. ಇವತ್ತೂ ಹಂಗ ಬರ್ಲಿ. ಅವರು ಮುಂದ ಇರ್ಲಿ."

ಗಂಗಪ್ಪ ಹನುಮವ್ವನ ಕಡೆ ನೋಡಿದ. ಹನುಮವ್ವ ತಲೆ ಆಡಿಸಿದಳು. ಅವನು ದಾರಿ ಬಿಟ್ಟ.

ಹನುಮೇಶ ಬೆಂಕಿಮಡಕೆ ಹಿಡಿದು ಮುಂದೆ ನಡೆದ. ರಾಮಾಂಜಿನಪ್ಪ ಬಲಗಡೆಯ ಮುಂದಿನ ಗಳಕ್ಕೆ ಹೆಗಲು ಕೊಟ್ಟ. ಹಲಗೆಯವರು ಬಡಿಯುತ್ತಿದ್ದರು, ಪುರಿ ಎರಚುತ್ತಿದ್ದರು. ಮುಖ್ಯರಸ್ತೆ ದಾಟುವಾಗ ಕಂಪನಿ ಬಸ್ಸೊಂದು ನಿಂತು ದಾರಿ ಕೊಟ್ಟಿತು. ಯಂಕಪ್ಪನ ತೂಕ ಅವನ ಬೆನ್ನಿನ ಹಿಂದಿತ್ತು. ಅವನಿಗೆ ಒಂದೇ ಯೋಚನೆ. ಯಂಕಪ್ಪ ಹಿಂದೆ ಬರುತ್ತಿದ್ದನೆಂದು ಇವಳಿಗೆ ಯಾರು ಹೇಳಿದರು?

*

ಮಣ್ಣು ಮಾಡಿ, ಕೆರೆಯ ಪಕ್ಕದ ಬೋರ್‌ವೆಲ್ಲಿನಲ್ಲಿ ಕೈಕಾಲು ತೊಳೆದು, ಎಲ್ಲರೂ ಮನೆಗೆ ಬಂದು ದೀಪ ನೋಡಿದರು. ಸಂಜೆಯಾಗುತ್ತ ಬಂದಿತ್ತು. ಹಸು ಕರೆಯುವ ಹೊತ್ತಾಯಿತೆಂದು ಗೌರಮ್ಮ ಆಟೋ ಹತ್ತಿ ಮೊದಲೇ ಹೋಗಿದ್ದಳು. ಶಾಮಿಯಾನದವರು ಕುರ್ಚಿ ಜೋಡಿಸತೊಡಗಿದ್ದರು. ರಾಮಾಂಜಿನಪ್ಪ ಕಾಂಪೌಂಡಿಗೆ ಒರಗಿಸಿದ್ದ ತನ್ನ ಸೈಕಲ್ಲನ್ನು ತೆಗೆದುಕೊಂಡು ಓಣಿಗೆ ತಳ್ಳಿದ.

"ನಿಂದರ್ರಿ."

ಮಹಾದೇವಿ ಬರುತ್ತಿದ್ದಳು. ಕೈಯಲ್ಲಿ ಕಾಫಿಯ ಖಾಲಿ ಕ್ಯಾನಿತ್ತು.

"ಅಕ್ಕಾರು ಬಿಟ್ಟು ಹೋಗ್ಯಾರ."

ಅವನು ಇಸಿದುಕೊಂಡು ಹ್ಯಾಂಡಲಿಗೆ ನೇತುಹಾಕಿದ. ಅವಳು ಹೋಗಲಿಲ್ಲ.

"ಚೆನ್ನಾಗಿದೀಯಾ ಮಾದೇವಿ?"

"ಅದೀನ್ರಿ. ಗಂಡ ಹೊಲ ನೋಡ್ಕೊಂತಾನ. ಕೆಟ್ಟಾವಲ್ಲ. ಇಬ್ಬರು ಹೆಣ್ಣುಮಕ್ಕಳು."

"ನಿಂಗೆ ಎಂಗ್ ಗೊತ್ತಾಯ್ತು?" ಅವನು ಬ್ರೇಕಿನ ಹಿಡಿಯನ್ನು ಒತ್ತುತ್ತ, ಬಿಡುತ್ತ ಕೇಳಿದ. "ಅವ್ನು ನನ್ ಇಂದೆ ಬತ್ತಿದ್ದ ಅಂತ?"

"ಅವನ ಹೇಳ್ತಿದ್ದ."

ಅವಳು ಕಾಂಪೌಂಡಿನ ಕಲ್ಲಿಗೆ ಕೈಯೂರಿ ನಿಂತಳು.

"ಲಗ್ನ ಆದ ಮ್ಯಾಲ ಅಣ್ಣನ ಕೂಡ ನಾನೂ ಮಾತು ಬಿಟ್ಟಿದ್ದೆ. ಐತವಾರಕ್ಕೊಮ್ಮೆ ನಮ್ಮ ಬಾಜೂಮನಿ ಫೋನಿಗಿ ಮಾಡ್ತಿದ್ದ. ಹೊಲಕ್ಕ ಹೋಗ್ಯಾಳ ಅಂತ ಹೇಳಸ್ತಿದ್ದೆ. ಬಾಳ ದಿನ ಹಂಗ ಮಾಡಿದೆ. ಅವ ಬಿಡಲಿಲ್ಲ. ಮೊದಲನೇ ಮಗಳು ಹುಟ್ಟಿದಾಗ ಒಮ್ಮಿ ತಗೊಂಡೆ. ಏನರ ಬೇಕೇನವ್ವ ನಿನಗ ಅಂತ ಕೇಳಿದ. ಏನೂ ಬ್ಯಾಡ, ಅವರು ಹೆಂಗದಾರ ಅಂದೆ. ಅವ ಮಾತಾಡಲಿಲ್ಲ. ಕಾಯಿನ್ ಫೋನ್ ಅದು, ಹಂಗ ಕಟ್ ಆತು."

ಓಣಿಯ ತುದಿಯಲ್ಲಿ ಬೈಕೊಂದು ಸದ್ದು ಮಾಡುತ್ತ ಹೋಯಿತು.

"ಮುಂದಿನ ಐತವಾರ ತಾನ ಹೇಳಿದ. ನೀಲಿ ಅಂಗಿ ಹಾಕ್ಕೊಂಡಿದ್ದ, ಆರಾಮದಾನ ಅಂತ. ಅವತ್ತಿಂದ ಒಂದು ವಾರ ತಪ್ಪಿಸಲಿಲ್ಲ. ಹೊಸ ಟೈರ್ ಹಾಕಸ್ಯಾನ. ಕೆಮ್ಮ ಹತ್ಯಾನ. ಕ್ಷೌರ ಮಾಡಸ್ಯಾನ. ಆಯಿಲ್ ಮ್ಯಾಲ ಜಾರಿ ಬಿದ್ದ, ಏನೂ ಆಗಿಲ್ಲ, ತಾನ ಎದ್ದ. ಅದನ್ನ ಹೇಳೂ ಮುಂದ ಅತ್ತ. ಕೈ ಹಿಡೀಲಿಲ್ಲ ನಾನು ಅಂದ."

ರಾಮಾಂಜಿನಪ್ಪ ಬ್ರೇಕಿನ ಹಿಡಿಯನ್ನು ಬಿಡಲಿಲ್ಲ.

"ಮಾತಾಡೋ ಅಣ್ಣ ಅವರ ಕೂಡ, ಅಂತ ನಾನ ಎಷ್ಟೋ ಸಲ ಹೇಳಿದೆ. ಯಾವ ಮುಖ ಇಟ್ಕೊಂಡು ಮಾತಾಡ್ಲಿ ಅಂತಿದ್ದ. ಬಸ್ಸಿಗಿ ಹೋದ್ರ ಅವ ಕಾಣಂಗಿಲ್ಲ, ಸೈಕಲ್ ಮ್ಯಾಲ ಇದ್ರ ಕಾಣ್ತಾನ, ನಿನಗ ಹೇಳಾಕ ಆಗತೈತಿ ಅಂತಿದ್ದ." ಅವಳು ಮೂಗು ಒರೆಸಿಕೊಂಡಳು. "ನಿಮ್ಮ ಲಗ್ನದ ಸುದ್ದಿ ಹೇಳಿದಾಗ ಮಾತ್ರ ನಾನ ಫೋನ್ ಇಟ್ಟೆ. ಅದರ ಮುಂದಿನ ವಾರ ಹೆಸರು ಕೇಳಿದೆ. ಗೌರಮ್ಮ ಅಂದ."

"ಓದ್ ವಾರ?" ರಾಮಾಂಜಿನಪ್ಪ ಕೇಳಿದ. "ಓದ್ ಭಾನ್ವಾರ ಏನೇಳ್ದ?"

"ಬಲಗಾಲು ನೋಯಸ್ತಿರಬೇಕು ಅಂದ. ಮೊದಲು ಒಂದೇ ದಮ್ಮಿಗಿ ಹತ್ತತಿದ್ದ, ಈಗ ಏರು ಬಂದ್ರ ಇಳದು ತಳ್ಳಕೊಂಡು ಹೋಗ್ತಾನ, ದವಾಖಾನಿಗಿ ತೋರಸಬೇಕು, ಹೆಂಗ ಹೇಳ್ಲಿ ಅವಗ ಅಂದ."

ಮಂಡಿ ನೋವನ್ನು ಅವನು ಯಾರಿಗೂ ಹೇಳಿರಲಿಲ್ಲ. ಗೌರಮ್ಮನಿಗೂ. ಹೇಳಿದರೆ ಮಗ ಸೈಕಲ್ಲು ಬಿಡಿಸಿಬಿಡುತ್ತಾನೆಂದು ಮುಚ್ಚಿಟ್ಟಿದ್ದ.

ಅವನು ಟವೆಲಿನಿಂದ ಮುಖವನ್ನು ಗಟ್ಟಿಯಾಗಿ ಉಜ್ಜಿಕೊಂಡ. ಟವೆಲು ತೆಗೆದಾಗ ಅವಳು ಅವನನ್ನೇ ನೋಡುತ್ತಿದ್ದಳು. ಕನ್ನಡಕ ಹಾಕಿಕೊಂಡಿದ್ದಳು.

"ಮುಖದ ಸುದ್ದಿ ಒಮ್ಮಿನೂ ಹೇಳಲಿಲ್ಲ," ಎಂದಳು. "ಕೇಳಿದ್ರ, ಹಿಂದ ಇರೋನಿಗಿ ಮುಖ ಎಲ್ಲಿ ಕಾಣತೈತವ್ವ ಅಂತಿದ್ದ."

ಅವನಿಗೆ ನಾಚಿಕೆಯಾಯಿತು. ಕ್ಷೌರ ಮಾಡಿಸದ ಗಲ್ಲದ ಮೇಲೆ ಕೈಯಾಡಿಸಿಕೊಂಡ. "ವಯಸ್ಸಾಯ್ತು," ಎಂದ.

"ಹೌದ್ರಿ," ಎಂದಳು ಅವಳು. ತುಟಿಯಂಚಿನಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. "ನನಗೂ."

ಒಳಗಿನಿಂದ ಹನುಮವ್ವ "ಮಾದೇವೀ" ಎಂದು ಕೂಗಿದಳು. "ಬಂದೆ ವೈನಿ," ಎಂದು ಮಹಾದೇವಿ ಓಗೊಟ್ಟಳು. ಆದರೆ ಕದಲಲಿಲ್ಲ.

"ಕತ್ತಲಾಗೂದರಾಗ ಮನಿ ಮುಟ್ಟರಿ. ಹೊಂಡ್ರಿ."

"ನೀನು ಒಳೀಕ್ ಓಗು."

"ಹೋಗ್ತೀನ್ರಿ. ನೀವು ಹೊಂಡ್ರಿ."

ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನುವಂತಿಲ್ಲ. ಅವನು ತಲೆ ಆಡಿಸಿ ಸೈಕಲ್ಲು ಹತ್ತಿದ.

ಓಣಿ ನೇರವಾಗಿತ್ತು. ಒಂದು ಬದಿ ಚಿಕ್ಕಬೈರಪ್ಪನ ರೂಮುಗಳ ಗೋಡೆ, ಇನ್ನೊಂದು ಬದಿ ಹೊಸ ಲೇಔಟಿನ ಬೇಲಿ. ತುದಿಯ ತಿರುವಿನ ತನಕ ಮರೆಯಾಗುವಂಥದ್ದು ಏನೂ ಇರಲಿಲ್ಲ. ಬಾಗಿಲು ಹಾಕಿದ ಸದ್ದಿಗೆ ಅವನು ಕಿವಿಗೊಟ್ಟ, ಕೇಳಲಿಲ್ಲ. ಕಾಲು ತಾನಾಗಿ ನಿಧಾನವಾಯಿತು. ಬೆವರಿಗೆ ನೆನೆದ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಒಂದು ಕೈಯಿಂದ ಅದನ್ನು ಬಿಡಿಸಿ ಸರಿಮಾಡಿಕೊಂಡ.

ತಿರುವಿಗೆ ಇನ್ನು ಸ್ವಲ್ಪ ಇರುವಾಗ ಎದುರಿನಿಂದ ಹಾಲಿನ ಟೆಂಪೋ ಬಂತು. ಓಣಿ ಕಿರಿದು. ಅವನು ಬೇಲಿಯ ಪಕ್ಕಕ್ಕೆ ಸರಿದು ಕಾಲೂರಿ ನಿಂತ. ಟೆಂಪೋ ಅವನನ್ನು ಸವರಿಕೊಂಡು ದಾಟಿತು, ಹಿಂದೆ ಹೋಯಿತು, ಅದರ ಧೂಳೂ ಕೂತಿತು. ದಾರಿ ಖಾಲಿಯಾಗಿತ್ತು. ಆದರೂ ಅವನು ಹೊರಡಲಿಲ್ಲ. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಪೆಡಲಿನ ಮೇಲೆ, ಎರಡೂ ಕೈ ಹ್ಯಾಂಡಲಿನ ಮೇಲಿಟ್ಟು, ತಿರುಗಿ ನೋಡದೆ, ಬೆನ್ನು ಅವಳ ಕಡೆಗಿಟ್ಟುಕೊಂಡು ಹಾಗೇ ನಿಂತಿದ್ದ.